ಕೆರಿಬಿಯನ್ ಕಾದಂಬರಿ ಎಲ್ಲಿಂದ ಓದಲಿ, ನನ್ನ ಕಾದಂಬರಿ ಯಾರಿಗೆ ಕೊಡಲಿ ಎಂದವರಿಗೆ

ಮೇಡಂ, ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಕೆರಿಬಿಯನ್ ಕಾದಂಬರಿಗಳನ್ನು ಯಾವುದರಿಂದ ಶುರು ಮಾಡಲಿ? ನನ್ನ ಕಾದಂಬರಿಯಲ್ಲಿ ಮಾತುಕತೆ ಊರ ಭಾಷೆಯಲ್ಲಿದೆ, ನಿರೂಪಣೆ ಪುಸ್ತಕದ ಭಾಷೆಯಲ್ಲಿದೆ, ಎರಡೂ ಹೊಂದುತ್ತಿಲ್ಲ, ಏನು ಮಾಡಲಿ? ಪ್ರಕಾಶಕರೊಬ್ಬರು 60 ಸಾವಿರ ಕೇಳುತ್ತಿದ್ದಾರೆ, ಕೊಡಲಾ? ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಈಗಲೇ ದುಡ್ಡು ಕೊಡಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಓದೋದಕ್ಕೆ ಸ್ಯಾಮ್ ಸೆಲ್ವನ್ ಅವರ ‘ದಿ ಲೋನ್ಲಿ ಲಂಡನರ್ಸ್’ ಮೊದಲು ಎತ್ತಿಕೊಳ್ಳಿ. 1956ರ ಪುಸ್ತಕ, ತೆಳ್ಳಗಿದೆ. ಸೆಲ್ವನ್ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಹುಟ್ಟಿದವರು, ಅವರ ತಂದೆ ಮದ್ರಾಸಿನಿಂದ ಹೋದವರು. ನಿಮಗೆ ಬಂದಿರುವ ತೊಡಕೇ ಅವರಿಗೂ ಬಂದಿತ್ತು. ಮೊದಲು ನಿರೂಪಣೆಯನ್ನು ಶಿಷ್ಟ ಇಂಗ್ಲಿಷಿನಲ್ಲಿ, ಮಾತುಕತೆಯನ್ನು ಟ್ರಿನಿಡಾಡ್ ಆಡುಮಾತಿನಲ್ಲಿ ಬರೆದು ನೋಡಿದರು. ಕತೆ ಮುಂದೆ ಸಾಗಲಿಲ್ಲ. ನಿರೂಪಣೆಯನ್ನೂ ಆಡುಮಾತಿಗೆ ತಂದ ಮೇಲೆ ಸಲೀಸಾಗಿ ಬಂತು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಅದರಲ್ಲಿ ಎರಡು ಜಾಗ ನಿಧಾನವಾಗಿ ಓದಿ. ಒಂದು, ಶುರುವಿನಲ್ಲೇ ಬರುವ ಲಂಡನ್ನಿನ ವಾಟರ್‌ಲೂ ರೈಲು ನಿಲ್ದಾಣ. ಮೊದಲೇ ಲಂಡನ್ನಿಗೆ ವಲಸೆ ಬಂದಿರುವ ಮೋಸೆಸ್ ಚಳಿಯಲ್ಲಿ ಹೋಗಿ ಟ್ರಿನಿಡಾಡ್‌ನಿಂದ ಬರುವವನಿಗಾಗಿ ಕಾಯುತ್ತಾನೆ. ಬಂದವನ ಮೈಮೇಲೆ ಬೇಸಿಗೆಯ ತೆಳು ಸೂಟು. ಪೆಟ್ಟಿಗೆ ಇಲ್ಲ, ಚೀಲ ಇಲ್ಲ, ಇರೋದು ಒಂದು ಹಲ್ಲುಜ್ಜುವ ಬ್ರಷ್. ಚಳಿ ಆಗ್ತಿಲ್ವಾ ಅಂದರೆ ಇಲ್ಲ ಅನ್ನುತ್ತಾನೆ! ಇನ್ನೊಂದು, ಟ್ಯಾಂಟಿ ಅನ್ನೋ ಹಿರಿಯ ಹೆಂಗಸು ಲಂಡನ್ನಿನ ದಿನಸಿ ಅಂಗಡಿಯವನ ಕೈಯಲ್ಲಿ ಉದ್ರಿ ಲೆಕ್ಕ ಬರೆಸುವ ಭಾಗ. ವಾರವೆಲ್ಲ ಸಾಮಾನು ತಗೋಬೇಕು, ಶುಕ್ರವಾರ ದುಡ್ಡು ಕೊಡಬೇಕು. ನಮ್ಮೂರ ಶೆಟ್ಟರ ಅಂಗಡಿ ಪುಸ್ತಕ ನೆನಪಾಗದೆ ಇರಲ್ಲ.

ಇಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ. ಸೆಲ್ವನ್ ಸ್ಪೆಲ್ಲಿಂಗ್ ಮುರಿಯೋದು ತೀರಾ ಕಡಿಮೆ. ಹೊರಗಿನವರಿಗೂ ಅರ್ಥವಾಗಲಿ ಅಂತ ಆಡುಮಾತನ್ನು ತಿದ್ದಿಕೊಂಡೇ ಬಳಸಿದರು. ಊರಿನ ಸೊಗಡು ಇರೋದು ಪದಗಳ ಜೋಡಣೆಯಲ್ಲಿ, ಕ್ರಿಯಾಪದದಲ್ಲಿ, ಉಸಿರು ಬಿಡುವ ಜಾಗದಲ್ಲಿ. ನೀವು ಕಳಿಸಿದ ಎರಡು ಪುಟದಲ್ಲಿ ಸಾಲಿಗೆ ನಾಲ್ಕು ಪದದ ಕಾಗುಣಿತ ಮುರಿದಿದ್ದೀರಿ. ಓದುವವರು ಅಲ್ಲೇ ಎಡವುತ್ತಾರೆ. ‘ಅವ ಬಂದ, ಬಂದೋನು ಕೂರಲೇ ಇಲ್ಲ’ ಅಂತ ಬರೆದರೆ ಸಾಕಲ್ವಾ? ಆ ‘ಬಂದ, ಬಂದೋನು’ ಅನ್ನೋದರಲ್ಲೇ ಊರು ಇದೆ. ಕನ್ನಡದಲ್ಲಿ ಇದಕ್ಕೆ ಜೊತೆಯಾಗಿ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಜೋರಾಗಿ ಓದಿ. ಅಲ್ಲೂ ನಿರೂಪಣೆ ಊರ ಮಾತಿನಲ್ಲೇ ನಡೆಯುತ್ತೆ. ಆಮೇಲೆ ನಿಮ್ಮ ಎರಡನೇ ಅಧ್ಯಾಯವನ್ನು, ಅದರಲ್ಲಿ ಬರುವ ಅಜ್ಜಿಯೇ ಜಗಲಿ ಮೇಲೆ ಕೂತು ಹೇಳುತ್ತಿದ್ದಾಳೆ ಅಂದುಕೊಂಡು ಮೊದಲಿನಿಂದ ಬರೆಯಿರಿ. ಹಳೇದನ್ನು ತಿದ್ದಬೇಡಿ, ಹೊಸದಾಗಿ ಬರೆಯಿರಿ.

ಸೆಲ್ವನ್ ಆದ ಮೇಲೆ ಟ್ರಿನಿಡಾಡ್‌ನವರೇ ಆದ ವಿ.ಎಸ್. ನೈಪಾಲರ ‘ಮಿಗೆಲ್ ಸ್ಟ್ರೀಟ್’. ಒಂದು ಬೀದಿ, ಒಬ್ಬ ಹುಡುಗನ ಕಣ್ಣು, ಅಧ್ಯಾಯಕ್ಕೆ ಸಾಮಾನ್ಯವಾಗಿ ಒಬ್ಬ ಮನುಷ್ಯ. ಏನು ಮಾಡ್ತಿದ್ದೀಯ ಅಂತ ಕೇಳಿದರೆ ‘ಹೆಸರಿಲ್ಲದ ವಸ್ತು’ ಅನ್ನುವ ಬಡಗಿಯೊಬ್ಬ ಅದರಲ್ಲಿದ್ದಾನೆ, ನನಗೆ ಬಹಳ ಇಷ್ಟ. ಆಮೇಲೆ ಆಂಟಿಗುವಾದ ಜಮೈಕಾ ಕಿನ್‌ಕೇಡ್ ಬರೆದ ‘ಆ್ಯನಿ ಜಾನ್’, 1985ರದ್ದು. ತಾಯಿ ಮಗಳ ಜಗಳವನ್ನು ಇಷ್ಟು ಸರಳ ವಾಕ್ಯಗಳಲ್ಲಿ ಬರೆಯಬಹುದಾ ಅನ್ನಿಸುತ್ತೆ. ಜೀನ್ ರೀಸ್ ಅವರ ‘ವೈಡ್ ಸಾರ್ಗಾಸೊ ಸೀ’ ಆಮೇಲೆ ಓದಿದರಾಯಿತು.

ಇನ್ನು ಪ್ರಕಟಣೆ. ಇವರ ಪುಸ್ತಕಗಳು ಹೊರಬಂದ ದಾರಿಯಿಂದಲೂ ಕಲಿಯೋದಿದೆ. ‘ಮಿಗೆಲ್ ಸ್ಟ್ರೀಟ್’ ಬರೆದದ್ದು 1955ರಲ್ಲಿ. ಇದು ಬಿಡಿ ಕತೆಗಳ ಹಾಗಿದೆ, ಮೊದಲು ಕಾದಂಬರಿ ಕೊಡಿ ಅಂತ ಪ್ರಕಾಶಕರು ಅಂದಿದ್ದಕ್ಕೆ ಎರಡು ಕಾದಂಬರಿ ಬಂದ ಮೇಲೆ, 1959ರಲ್ಲಿ ಅದು ಅಚ್ಚಾಯಿತು. ‘ಆ್ಯನಿ ಜಾನ್’ ಅಧ್ಯಾಯಗಳು ಮೊದಲು ನ್ಯೂಯಾರ್ಕರ್ ಪತ್ರಿಕೆಯಲ್ಲಿ ಕತೆಗಳಾಗಿ ಬಂದವು. ಬಿಬಿಸಿ ರೇಡಿಯೊದ ‘ಕೆರಿಬಿಯನ್ ವಾಯ್ಸಸ್’ ಕಾರ್ಯಕ್ರಮ 1943ರಿಂದ 1958ರವರೆಗೆ ನಡೆಯಿತು. ಸೆಲ್ವನ್, ನೈಪಾಲ್ ಇಬ್ಬರ ಬರಹವನ್ನೂ ಪುಸ್ತಕವಾಗುವ ಮೊದಲೇ ಜನ ಅಲ್ಲಿ ಕೇಳಿದ್ದರು. ನೀವೂ ಹಾಗೆ ಮಾಡಿ. ತಾನೇ ತಾನಾಗಿ ನಿಲ್ಲುವ ಒಂದು ಅಧ್ಯಾಯ ಆರಿಸಿ ಕತೆಯಾಗಿ ದೀಪಾವಳಿ ವಿಶೇಷಾಂಕಕ್ಕೋ ವಾರಪತ್ರಿಕೆಗೋ ಕಳಿಸಿ. ಒಂದು ಕತೆ ಅಚ್ಚಾಗಿದ್ದರೆ ಪ್ರಕಾಶಕರ ಜೊತೆ ಮಾತಾಡೋದು ಸುಲಭ.

ಸ್ವಂತ ದುಡ್ಡು ಹಾಕಿ ಅಚ್ಚು ಹಾಕಿಸೋದು ತಪ್ಪೇನಲ್ಲ. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1948ರಲ್ಲಿ, 18ನೇ ವಯಸ್ಸಿನಲ್ಲಿ, ತಾಯಿಯ ಹತ್ತಿರ 200 ಡಾಲರ್ ತಗೊಂಡು ಮೊದಲ ಸಂಕಲನ ಅಚ್ಚು ಮಾಡಿಸಿದರು. ಬೀದಿಯಲ್ಲಿ ತಾವೇ ಮಾರಿ ಆ ದುಡ್ಡು ವಾಪಸ್ ಮಾಡಿಕೊಂಡರು. ಅವರಿಗೆ 1992ರಲ್ಲಿ ನೊಬೆಲ್ ಬಂತು. ಅಲ್ಲಿ ಪ್ರತಿಗಳೂ ಅವರ ಕೈಯಲ್ಲೇ ಇದ್ದವು, ಬಂದ ದುಡ್ಡೂ ಅವರ ಕೈಗೇ ಬಂತು. ನಿಮ್ಮ ಪ್ರಕಾಶಕರು ಹೇಳಿರುವ ಲೆಕ್ಕದಲ್ಲಿ ದುಡ್ಡು ನಿಮ್ಮದು, ಹಕ್ಕು ಅವರದು.

ನಾನು ಎಂಟು ವರ್ಷದ ಹಿಂದೆ ಹಾಗೇ ಒಬ್ಬ ಪ್ರಕಾಶಕರಿಗೆ 45 ಸಾವಿರ ಕೊಟ್ಟೆ. 500 ಪ್ರತಿ ಅಂದರು, ಮನೆಗೆ 300 ಬಂತು, ಉಳಿದಿದ್ದರ ಲೆಕ್ಕ ಇವತ್ತಿಗೂ ಸಿಕ್ಕಿಲ್ಲ. ಕಡತವನ್ನು ಯುನಿಕೋಡ್‌ನಿಂದ ‘ನುಡಿ’ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತ್ತು. ಕೊನೆಯ ಪ್ರೂಫ್ ನನಗೆ ತೋರಿಸಲೇ ಇಲ್ಲ. ತುಂಬಾ ನೊಂದುಕೊಂಡೆ.

ಅದಕ್ಕೇ ಹೇಳೋದು, ಸಹಿಗೆ ಮುಂಚೆ ಒಪ್ಪಂದ ಪೂರ್ತಿ ಓದಿ. ಎಷ್ಟು ಪ್ರತಿ, ನಿಮಗೆ ಎಷ್ಟು, ಎಷ್ಟು ವರ್ಷಕ್ಕೆ ಹಕ್ಕು ಕೊಡುತ್ತಿದ್ದೀರಿ, ಎಲ್ಲ ಬರಹದಲ್ಲಿರಲಿ. ಹಕ್ಕು ಬರೆದುಕೊಟ್ಟು ಅವಧಿ ನಮೂದಿಸದಿದ್ದರೆ ನಮ್ಮ ಕೃತಿಸ್ವಾಮ್ಯ ಕಾನೂನಿನಲ್ಲಿ ಅದು 5 ವರ್ಷ ಅಂತ ಲೆಕ್ಕ. ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕು ಬೇರೆ ಬೇರೆ ಇಟ್ಟುಕೊಳ್ಳಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಒಪ್ಪಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತೆ, ಲೇಖಕರೇ ಅರ್ಜಿ ಹಾಕಬಹುದು. ಕೊನೆಯ ಪ್ರೂಫ್ ಕಾಗದದ ಮೇಲೆ ತರಿಸಿ, ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಕಣ್ಣಾಡಿಸಲಿ.

ಆ ಪ್ರಕಾಶಕರಿಗೆ ಎರಡು ತಿಂಗಳು ಟೈಮ್ ಬೇಕು ಅಂತ ಹೇಳಿ. ಅಷ್ಟರಲ್ಲಿ ಆ ಅಜ್ಜಿಯ ಅಧ್ಯಾಯ ಹೊಸದಾಗಿ ಬರೆದು ಇಲ್ಲೇ ಹಾಕಿ, ನಾನು ಸಾಲು ಸಾಲೂ ಓದಿ ಹೇಳುತ್ತೇನೆ.