ತಾಳಮದ್ದಳೆಯವರ ಹಾಗೆ ಕೂರಿ, ಅರ್ಥ ಮಾತ್ರ ಹೇಳಬೇಡಿ

ರಂಗದ ಮಾತು: ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ

ಪ್ರಶ್ನೆ: ಮಾಷ್ಟ್ರೇ, ನಮ್ಮ ವಾಚನಾಲಯದ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಮಾಡಬೇಕೆಂದಿದ್ದೇವೆ. ಕೆನಡಾದಿಂದ ಭಾರತಕ್ಕೆ ಹೊರಟಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನದ ಸ್ಫೋಟದಲ್ಲಿ ಮನೆಯವರನ್ನು ಕಳಕೊಂಡವರು ನ್ಯಾಯಕ್ಕಾಗಿ ಅಲೆದ ಕಥೆ. 40 ನಿಮಿಷ. ನಿಜವಾದ ಮಾತು ಮಾತ್ರ ಇರಬೇಕೆಂದು ನಮ್ಮ ಆಸೆ. ಆದರೆ ಸ್ಫೋಟ ತೋರಿಸದಿದ್ದರೆ, ಒಬ್ಬ ತಾಯಿಯಾದರೂ ಗೋಳೋ ಎಂದು ಅಳದಿದ್ದರೆ ಜನ ಎದ್ದು ಹೋಗುತ್ತಾರೆ ಎನ್ನುತ್ತಾರೆ ನಮ್ಮ ಹಿರಿಯರು. ಏನು ಮಾಡುವುದು? ಇನ್ನೊಂದು: ಆರೋಪಿಗಳನ್ನು ಹೆಸರು ಹಿಡಿದು ತೋರಿಸಬಹುದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈ ವಿಮಾನ ಬಿದ್ದು 158 ಮಂದಿ ಹೋದರಲ್ವಾ? ಅದರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯವರು ಎಷ್ಟೋ ಮಂದಿ. ಮರುವರ್ಷ ಕುಂಬಳೆ ಕಡೆಯ ಒಂದು ಕ್ಲಬ್ಬಿಗೆ ಅದರ ಮೇಲೆ ಕಿರುನಾಟಕ ಮಾಡಿಸಿದೆ. ವಿಮಾನ ಬೀಳುವಾಗ ಪರದೆಯ ಹಿಂದೆ ಗರ್ನಾಲು ಹೊಡೆಸಿದೆ. ಜನ ಬೆಚ್ಚಿದರು, ನನಗೆ ಖುಷಿ. ಮೂರನೇ ಸಾಲಿನಲ್ಲಿದ್ದ ಒಬ್ಬರು ಎದ್ದು ಚಪ್ಪರದ ಆಚೆ ಹೋಗಿ ನಿಂತರು. ಮಗನನ್ನು ಕಳಕೊಂಡವರು. ಆಟ ಮುಗಿದ ಮೇಲೆ ಹತ್ತಿರ ಹೋದೆ. ಬೈಯಲಿಲ್ಲ. "ಆ ಶಬ್ದ ನಾವು ಕೇಳಿಯೇ ಇಲ್ಲ ಮಾಷ್ಟ್ರೇ. ನಾವು ಕೇಳಿದ್ದು ಫೋನು ರಿಂಗಾಗುವುದು. ಎತ್ತುವವರಿಲ್ಲ" ಎಂದರು.

ಆಮೇಲೆ ನಾನು ಗರ್ನಾಲು ಮುಟ್ಟಿಲ್ಲ.

ಕನಿಷ್ಕದ ಮನೆಯವರೂ ಶಬ್ದ ಕೇಳಿದವರಲ್ಲ. 1985ರ ಜೂನ್ 23, ಐರ್ಲೆಂಡಿನ ಹತ್ತಿರ ಕಡಲ ಮೇಲೆ, 329 ಜನ. ಬಾಂಬು ಇದ್ದದ್ದು ವ್ಯಾಂಕೂವರಿನಲ್ಲಿ ಹತ್ತಿಸಿದ ಒಂದು ಸೂಟ್‌ಕೇಸಿನಲ್ಲಿ. ಸೂಟ್‌ಕೇಸು ಹತ್ತಿತು, ಅದನ್ನು ಕೊಟ್ಟವನು ಹತ್ತಲಿಲ್ಲ. ಸಿಕ್ಕಿದ್ದು 131 ದೇಹ. ಉಳಿದ ಮನೆಗಳಿಗೆ ಬೂದಿಯೂ ಇಲ್ಲ. ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳು. ಆದರೆ ಆ ದೇಶದ ಪ್ರಧಾನಿ ಸಂತಾಪ ಹೇಳಲು ಫೋನು ಮಾಡಿದ್ದು ರಾಜೀವ್ ಗಾಂಧಿಯವರಿಗೆ! ನಿಮ್ಮ ಹಿರಿಯರಿಗೆ ಇದೊಂದನ್ನು ಹೇಳಿ ನೋಡಿ. ಅಳುವಿಗಿಂತ ಇದಕ್ಕೆ ಸಭೆ ಜಾಸ್ತಿ ಬಿಸಿಯಾಗುತ್ತದೆ.

ನಿಜವಾದ ಮಾತು ಎಲ್ಲಿ ಸಿಗುತ್ತದೆ? 2006ರಲ್ಲಿ ಕೆನಡಾ ಸರ್ಕಾರ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ನೇಮಿಸಿತು. ಆಯೋಗ ಮೊದಲು ಕರೆದು ಕೂರಿಸಿದ್ದು ಅಧಿಕಾರಿಗಳನ್ನಲ್ಲ, ಮನೆಯವರನ್ನು. ಅವರ ಸಾಕ್ಷ್ಯದ ಮೇಲೆಯೇ 2007ರಲ್ಲಿ ಬೇರೆ ಸಂಪುಟ ತಂದಿತು. ಯಕ್ಷಗಾನಕ್ಕೆ ಪದ್ಯಗಳ ಪ್ರಸಂಗ ಪುಸ್ತಕ ಇರುವ ಹಾಗೆ, ನಿಮಗೆ ಅದೇ ಪ್ರಸಂಗ ಪುಸ್ತಕ.

ಇನ್ನು ಆಡುವ ರೀತಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ನೆರೆಯವರು ನೀವು, ರೀತಿ ಹುಡುಕಿ ದೂರ ಹೋಗಬೇಕಾ? ಯಕ್ಷಗಾನವನ್ನೇ ಕೂತು ಮಾತಿನಲ್ಲಿ ಆಡುವ ತಾಳಮದ್ದಳೆ ಇದೆಯಲ್ಲ. ಬಣ್ಣ ಇಲ್ಲ, ವೇಷ ಇಲ್ಲ, ಕುಣಿತ ಇಲ್ಲ. ನಾಲ್ಕು ಜನ ಶಾಲು ಹೊದ್ದು ಕೂತು ವಾದ ಮಾಡುತ್ತಾರೆ, ನಮ್ಮವರು ಗಂಟೆಗಟ್ಟಲೆ ಕೇಳುತ್ತಾರೆ. ಎದ್ದು ಹೋಗುತ್ತಾರೆ ಎಂಬ ಹೆದರಿಕೆ ಸುಮ್ನೆ.

ಆದರೆ ಅಪಾಯವೂ ಅಲ್ಲೇ. ಪಾತ್ರವಾಗಿ ಕೂತು ಪದ್ಯದ ಅರ್ಥವನ್ನು ತನ್ನ ಮಾತಲ್ಲಿ ಹೇಳುವ ಅರ್ಥಧಾರಿಗೆ ಪದ್ಯ ಒಂದು ನೆಪ. ಕರ್ಣ ಹೇಳದ್ದನ್ನೂ ಕರ್ಣನ ಬಾಯಲ್ಲಿ ಹೇಳಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ನಾನೂ ಗಿಟ್ಟಿಸಿದ್ದೇನೆ. ಕರ್ಣ ಬಂದು ಕೇಳುವುದಿಲ್ಲ. ಇಲ್ಲಿ ಹಾಗಲ್ಲ, ಮಾತಾಡಿದವರು ಎಷ್ಟೋ ಮಂದಿ ಇನ್ನೂ ಇದ್ದಾರೆ. ಒಂದು ವಾಕ್ಯವನ್ನೂ ಕೈಯಿಂದ ಸೇರಿಸಬೇಡಿ. ಕಾಗದ ಕೈಯಲ್ಲೇ ಇರಲಿ, ಸಭೆಗೆ ಕಾಣಲಿ. ಚಿಕ್ಕದು ಮಾಡಬಹುದು. ಇಬ್ಬರ ಮಾತನ್ನು ಹೊಲಿದು ಒಬ್ಬರದ್ದು ಮಾಡಬಾರದು. ಹೆಸರು ಬೇಡ, 'ಒಬ್ಬ ತಂದೆ' ಎಂದರೆ ಸಾಕು. ಕನ್ನಡ ಮಾಡುವಾಗ ಜಾಗ್ರತೆ. ಅವರು ಮಾತು ಅರ್ಧಕ್ಕೆ ನಿಲ್ಲಿಸಿದಲ್ಲಿ ನೀವೂ ನಿಲ್ಲಿಸಿ. ಕರುಳು, ಕಣ್ಣೀರ ಕೋಡಿ, ಅದೆಲ್ಲ ಕಾಗದದಲ್ಲಿ ಇಲ್ಲದಿದ್ದರೆ ಇಲ್ಲ.

ಚೆಂಡೆ ಬೇಡ, ಒಂದು ಜಾಗಟೆ ಸಾಕು. 1985ರಿಂದ ತೀರ್ಪು ಬಂದ 2005ರ ತನಕ ವರ್ಷಕ್ಕೊಂದು ಏಟು, ನಡುನಡುವೆ ಮಾತು. ಒಟ್ಟು 21 ಏಟು. ಹನ್ನೆರಡನೆಯದಕ್ಕೆ ಸಭೆ ಕೆಮ್ಮಲು ಶುರು ಮಾಡುತ್ತದೆ. ಹೆದರಬೇಡಿ, ಬಾರಿಸಿ.

ಆರೋಪಿಗಳ ವಿಷಯ. 2005ರ ಮಾರ್ಚ್ 16ರಂದು ವ್ಯಾಂಕೂವರಿನ ಕೋರ್ಟು ಇಬ್ಬರನ್ನು ಬಿಟ್ಟಿತು. ಕೋರ್ಟು ಬಿಟ್ಟವರನ್ನು ನೀವು ರಂಗದಲ್ಲಿ ಹಿಡಿಯಬೇಡಿ. ಶಿಕ್ಷೆಯಾದವನು ಇಂದರ್‌ಜಿತ್ ಸಿಂಗ್ ರೆಯಾತ್ ಒಬ್ಬನೇ. ಅವನು 2003ರಲ್ಲಿ ತಪ್ಪೊಪ್ಪಿಕೊಂಡಾಗ ಕನಿಷ್ಕಕ್ಕೆ ಸಿಕ್ಕಿದ್ದು 5 ವರ್ಷ. ಆ ಇಬ್ಬರ ವಿಚಾರಣೆಯಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಮುಂದೆ 9 ವರ್ಷ. ಎರಡು ಅಂಕೆ ಓದಿ ಸುಮ್ಮನಿರಿ. ಖಳ ಬೇಕೇ ಬೇಕು ಎಂದರೆ ಮೇಜಿನ ಮೇಲೆ ಒಂದು ಖಾಲಿ ಕ್ಯಾಸೆಟ್ ಇಡಿ. ಶಂಕಿತರ ಫೋನು ಕದ್ದು ಕೇಳಿದ ಟೇಪುಗಳನ್ನು ಅಳಿಸಿದ್ದು ಅಲ್ಲಿಯ ಗುಪ್ತಚರ ಸಂಸ್ಥೆಯೇ.

ತೀರ್ಪಿಗೆ ಮುಗಿಸಬೇಡಿ. ಐರ್ಲೆಂಡಿನ ಅಹಕಿಸ್ತ ಎಂಬ ಕಡಲ ಬದಿಯ ಹಳ್ಳಿಯಲ್ಲಿ ನೆರಳು ಗಡಿಯಾರದ ಸ್ಮಾರಕ ಇದೆ. ಜೂನ್ 23ಕ್ಕೆ ಮನೆಯವರೂ ಊರವರೂ ಅಲ್ಲಿ ಸೇರುತ್ತಾರೆ. ಆ ಚಿತ್ರಕ್ಕೆ ದೀಪ ಆರಿಸಿ.

ಮತ್ತೆ, ನಿಮ್ಮ ಸಭೆಯಲ್ಲಿ ಬಜ್ಪೆಯಲ್ಲಿ ಮನೆಯವರನ್ನು ಕಳಕೊಂಡವರು ಇದ್ದೇ ಇರುತ್ತಾರೆ. ಕಥೆ ಏನೆಂದು ಮೊದಲೇ ಮೈಕಿನಲ್ಲಿ ಹೇಳಿ, ಎದ್ದು ಹೋಗಲು ಬದಿಯಲ್ಲಿ ದಾರಿ ಬಿಡಿ. ದಿನ ಗೊತ್ತಾದರೆ ನನಗೂ ತಿಳಿಸಿ. ಕುಂಬಳೆಗೆ ಕೊನೆಯ ಬಸ್ಸು ತಪ್ಪದ ಹಾಗೆ ಮುಗಿಸಿದರೆ ಉಪಕಾರ.