ಪುಟಿದ ವಿಮಾನದ ಮೂತಿ ಒತ್ತಬಾರದು

ಪ್ರಶ್ನೆ: ಹೊರರಾಜ್ಯದಲ್ಲಿ ಪೈಲಟ್ ತರಬೇತಿ ಪಡೆಯುತ್ತಿರುವ ನನ್ನ ಮಗ ಒಬ್ಬನೇ ಸೆಸ್ನಾ 172 ಇಳಿಸುವಾಗ ವಿಮಾನ ನೆಲಕ್ಕೆ ಬಡಿದು, ಪುಟಿದು, ಮುಂಚಕ್ರ ಮುರಿಯಿತು. ಅವನು ಕ್ಷೇಮ. ನಮ್ಮೂರಿನ ನೌಕಾನೆಲೆಯ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಮೇಲೆ ಯುದ್ಧವಿಮಾನಗಳು ಅಪ್ಪಳಿಸಿದಂತೆಯೇ ಇಳಿದರೂ ಏನೂ ಆಗುವುದಿಲ್ಲವಂತೆ. ಸಣ್ಣ ವಿಮಾನ ಅಷ್ಟು ದುರ್ಬಲವೇ? ತರಬೇತಿ ಬಿಡಿಸಲೇ?
– ಒಬ್ಬ ತಾಯಿ, ಕಾರವಾರ

ಉತ್ತರ: ಬಿಡಿಸಬೇಡಿ ತಾಯಿ. ವಿಮಾನ ಇಳಿಸುವುದನ್ನು ಕಲಿಸುತ್ತಲೇ ನನ್ನ ನೌಕರಿ ಮುಗಿದಿದೆ, ಧೈರ್ಯದಿಂದ ಹೇಳುತ್ತಿದ್ದೇನೆ.

ವಿಕ್ರಮಾದಿತ್ಯದ ಮೇಲಿಳಿಯುವ ಮಿಗ್-29ಕೆ ಹಡಗಿನ ಮೇಲೆ ಅಡ್ಡಲಾಗಿ ಎಳೆದ ಉಕ್ಕಿನ ತಂತಿಗೆ ಕೊಕ್ಕೆ ಸಿಕ್ಕಿಸಲೇಬೇಕು. ಅದಕ್ಕೇ ಹಾಗೆ ಬಡಿದು ಇಳಿಯುತ್ತದೆ, ಅದರ ಕಾಲುಗಳನ್ನು ಆ ಪೆಟ್ಟಿಗೆಂದೇ ಕಟ್ಟಿರುತ್ತಾರೆ. ಸೆಸ್ನಾವನ್ನು ಹಾಗೆ ಇಳಿಸುವುದಿಲ್ಲ. ನೆಲ ಹತ್ತಿರವಾದಾಗ ಮೂತಿಯನ್ನು ಮೆಲ್ಲಗೆ ಎತ್ತಿ, ಕೆಳಗಿಳಿಯುವ ವೇಗವನ್ನು ಕರಗಿಸಿ, ಹಿಂದಿನ ಎರಡು ಚಕ್ರಗಳನ್ನು ಮೊದಲು ತಾಗಿಸಬೇಕು. ಆ ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೂತಿಯನ್ನು ಎತ್ತರದಲ್ಲೇ ಎತ್ತಿದರೆ ವೇಗ ಸತ್ತು ವಿಮಾನ ಧೊಪ್ಪೆಂದು ಬೀಳುತ್ತದೆ. ಅತಿವೇಗದಲ್ಲಿ ಬಂದರೆ ತಾಗಿ ಮತ್ತೆ ಹಾರುತ್ತದೆ. ಅಭ್ಯಾಸವಿಲ್ಲದ ಅಗಲವಾದ ರನ್‌ವೇ ಕೂಡ ನೆಲ ಹತ್ತಿರ ಬಂತೆಂದು ಕಣ್ಣನ್ನು ನಂಬಿಸಿಬಿಡುತ್ತದೆ.

ಆದರೆ ಮೊದಲ ಪೆಟ್ಟಿಗೆ ಮುಂಚಕ್ರ ಮುರಿಯುವುದು ಕಡಿಮೆ. ಹಿಂದಿನ ಚಕ್ರಗಳ ಕಾಲುಗಳು ಬಾಗಿ ಆ ಪೆಟ್ಟನ್ನು ತಡೆದುಕೊಳ್ಳುತ್ತವೆ. ಪುಟಿದ ಕೂಡಲೇ ಗಾಬರಿಯಾದ ಕೈ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಆಗ ಮುಂಚಕ್ರವೇ ಮೊದಲು ಬಡಿದು ವಿಮಾನ ಇನ್ನೂ ಜೋರಾಗಿ ಪುಟಿಯುತ್ತದೆ. ಎರಡನೆಯ ಅಥವಾ ಮೂರನೆಯ ಪುಟಿತದಲ್ಲಿ ಮುಂಚಕ್ರ ಮುರಿದು, ಪ್ರೊಪೆಲರ್ ನೆಲಕ್ಕೆ ಬಡಿದು, ಎಂಜಿನ್ನಿನ ಹಿಂದಿನ ತಡೆಗೋಡೆಯೂ ಸೊಟ್ಟಗಾಗುತ್ತದೆ. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ತೆರೆದು, ಮೂತಿಯನ್ನು ಸ್ಥಿರವಾಗಿ ಹಿಡಿದು, ಮೇಲೇರಿ ಇನ್ನೊಂದು ಸುತ್ತು ಹಾಕಿ ಬರುವುದು.

ಮಗನನ್ನು ಬೈಯಬೇಡಿ. ಪುಟಿದಾಗ ಕೈ ಏನು ಮಾಡಿತು ಎಂದಷ್ಟೇ ಕೇಳಿ. ಬೆನ್ನು ನೋಯುತ್ತಿದೆಯೇ ಎಂದೂ ತಪ್ಪದೇ ಕೇಳಿ. ಕೂತ ಭಂಗಿಯಲ್ಲಿ ಬಿದ್ದ ಪೆಟ್ಟು ಬೆನ್ನುಮೂಳೆಗೆ ಹೋಗುತ್ತದೆ, ನೋವಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಪುಟಿದ ವಿಮಾನವನ್ನು ಮತ್ತೆ ಮೇಲೇರಿಸುವ ಅಭ್ಯಾಸವನ್ನು ತರಬೇತುದಾರರು ಜೊತೆಯಲ್ಲಿ ಕೂತು ಮಾಡಿಸಿದ ಮೇಲೆಯೇ ಅವನನ್ನು ಒಬ್ಬನೇ ಕಳಿಸಬೇಕೆಂದು ಶಾಲೆಯವರಿಗೆ ಪತ್ರ ಬರೆಯಿರಿ. ಸಂಕೋಚ ಬೇಡ.