ಬಸ್ಸು 20 ನಿಮಿಷ ನಿಂತಿತ್ತು

ಪ್ರಿಯ ಬರಹಗಾರರೇ,

ನೀವು ಕಳಿಸಿದ ಪ್ರವಾಸ ಬರಹವನ್ನು ಎರಡು ಸಲ ಓದಿದೆ. ಮಂಗಳೂರಿನಿಂದ ಬೆಳಗ್ಗೆ ಹೊರಟ ಪ್ರವಾಸಿ ಬಸ್ಸಿನಲ್ಲಿ ತಲಪಾಡಿ ದಾಟಿ, ಅನಂತಪುರದ ಸರೋವರ ಕ್ಷೇತ್ರವನ್ನು ನೋಡಿ, ಬದಿಯಡ್ಕದ ಮೇಲಾಗಿ ಪೆರ್ಲದ ಕಡೆಯ ತೋಟದ ಮನೆಯೊಂದರಲ್ಲಿ ಊಟ ಮುಗಿಸಿ, ಮಧೂರಿಗೆ ಬಂದು, ಸೂರ್ಯಾಸ್ತದ ಹೊತ್ತಿಗೆ ಬೇಕಲ ಕೋಟೆ ಸೇರಿದ ಒಂದು ದಿನದ ಕಥನ ಅದು. ಭಾಷೆ ಶುದ್ಧವಾಗಿದೆ, ಓದಿಸಿಕೊಂಡು ಹೋಗುತ್ತದೆ. ಬಸ್ಸು ಹೊರಡುವ ಮೊದಲು ಚಾಲಕರು ದೇವರ ಪಟಕ್ಕೆ ಮಲ್ಲಿಗೆ ಮುಡಿಸುವ ನಾಲ್ಕು ಸಾಲುಗಳು ಚೆನ್ನಾಗಿವೆ. ಆದರೆ ಈ ರೂಪದಲ್ಲಿ ಇದನ್ನು ನಾನು ಪ್ರಕಟಿಸಲಾರೆ. ಕಾರಣ ನಿಮ್ಮ ನಾಲ್ಕನೆಯ ಪುಟದಲ್ಲಿದೆ.

ಆ ಪುಟದಲ್ಲಿ ಬಸ್ಸು ಚಹಾಕ್ಕೆಂದು ನಿಂತಿದೆ. ‘ಗುಡ್ಡದ ಮೈಯಲ್ಲಿ ನಿಗೂಢ ಗುಹೆಯೊಂದು ಬಾಯ್ದೆರೆದಿತ್ತು’ ಎಂದು ಬರೆದಿದ್ದೀರಿ. ಅದು ಗುಹೆಯಲ್ಲ, ನೀರಿಗಾಗಿ ಕೊರೆದ ಸುರಂಗ. ನಿಮ್ಮ ತಾಯಿಯ ತವರು ಬಾಯಾರು ಎಂದು ಜೊತೆಗಿನ ಪತ್ರದಲ್ಲಿ ತಿಳಿಸಿದ್ದೀರಿ. ಬಾಯಾರು ಸುರಂಗದ ನೀರಿನಿಂದ ತೋಟ ಮಾಡಿದ ಊರು. ಆ ಊರಿನ ಮೊಮ್ಮಕ್ಕಳೇ ಅದನ್ನು ಗುಹೆಯೆಂದು ಕರೆದದ್ದು ನನಗೆ ನೋವು ತಂದಿತು.

‘ಪ್ರಾಚೀನ ಕಾಲದ ಋಷಿಗಳು ಅಲ್ಲಿ ತಪಸ್ಸು ಮಾಡಿರಬೇಕು’ ಎಂಬುದು ಮುಂದಿನ ವಾಕ್ಯ. ಅಲ್ಲಿ ಕುಳಿತಿದ್ದವರು ಪಿಕ್ಕಾಸು ಹಿಡಿದ ಕೆಲಸಗಾರರು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ ಇಳಿಜಾರಾದ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಗಳಲ್ಲಿ ನೀರು ನಿಲ್ಲುವುದಿಲ್ಲ. ಬಾವಿ ತೋಡಿದರೆ ಬಹಳ ಆಳಕ್ಕೆ ಹೋಗಬೇಕು. ಆದ್ದರಿಂದ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಕಲ್ಲಿನೊಳಗೆ ಜಿನುಗುವ ನೀರು ತಾನಾಗಿ ಹೊರಗೆ ಹರಿದು ಬರುವಂತೆ ಮಾಡುವ ವಿದ್ಯೆ ಇಲ್ಲಿ ಬೆಳೆಯಿತು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಬ್ಬ ಒಳಗೆ ಅಗೆಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಾನೆ. ಬೆಳಕಿಗೆಂದು ಹಚ್ಚಿಟ್ಟ ಮೇಣದ ಬತ್ತಿ ಮಂಕಾಯಿತೆಂದರೆ ಒಳಗೆ ಗಾಳಿ ಸಾಲದೆಂದು ತಿಳಿದು ಕೂಡಲೇ ಹೊರಗೆ ಬರಬೇಕು. ಉದ್ದವನ್ನು ಹೇಳುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಸುಮಾರು 2.5 ಅಡಿ. ಹತ್ತಿಪ್ಪತ್ತು ಕೋಲಿಗೇ ನೀರು ಸಿಕ್ಕಿದವರಿದ್ದಾರೆ, ತಿಂಗಳುಗಟ್ಟಲೆ ಅಗೆದೂ ಸಿಗದೆ ಕೈಬಿಟ್ಟವರಿದ್ದಾರೆ.

‘ಜುಳುಜುಳು ನೀರು ಪ್ರಕೃತಿಯ ಸಂಗೀತದಂತೆ ಹರಿಯುತ್ತಿತ್ತು.’ ಆ ಸದ್ದು ನಿಮಗೆ ನಿಜವಾಗಿ ಕೇಳಿಸಿತೇ? ಬೆರಳು ಗಾತ್ರದ ಎಳೆಯಾಗಿ ಬರುವ ನೀರು ರಸ್ತೆ ಬದಿಯಲ್ಲಿ, ಚಾಲೂ ಇರುವ ಬಸ್ಸಿನ ಪಕ್ಕದಲ್ಲಿ ನಿಂತವರಿಗೆ ಕೇಳಿಸದು.

‘ಕಪ್ಪು ಪೈಪೊಂದು ಆ ದೃಶ್ಯದ ಅಂದ ಕೆಡಿಸಿತ್ತು’ ಎಂಬಲ್ಲಿಗೆ ಬಂದಾಗ ಹಾಳೆಯನ್ನು ಕೆಳಗಿಟ್ಟು ಎದ್ದು ಹೋದೆ. ಇಡೀ ಪುಟದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಆ ಪೈಪನ್ನು ಮಾತ್ರ, ಅದನ್ನೂ ಬೇಡವೆಂದಿರಿ. ಅದರ ಜಾಡು ಹಿಡಿದು ಇಳಿದಿದ್ದರೆ ಕೆಳಗಿನ ಮನೆಯ ತೊಟ್ಟಿ ಸಿಗುತ್ತಿತ್ತು. ಕರೆಂಟೂ ಪಂಪೂ ಇಲ್ಲದೆ ಹಗಲಿರುಳು ನೀರು ತುಂಬುವ ಅಡುಗೆಮನೆಯ ಹಂಡೆ ಸಿಗುತ್ತಿತ್ತು. ಪೈಪು ಬರುವ ಮೊದಲು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಇದೇ ನೀರು ಬರುತ್ತಿದ್ದುದನ್ನು ನೆನಪಿಟ್ಟುಕೊಂಡವರೂ ಆ ಮನೆಯಲ್ಲಿ ಇದ್ದಾರು.

ಕೊನೆಯ ವಾಕ್ಯ: ‘ಅಂಗಳದಲ್ಲಿ ನಿಂತಿದ್ದ ಮುಗ್ಧ ಮುದುಕರೊಬ್ಬರು ನಮ್ಮನ್ನು ನೋಡಿ ನಕ್ಕರು.’ ಮಾತಾಡದೆ ಅವರು ಮುಗ್ಧರೆಂದು ಹೇಗೆ ತೀರ್ಮಾನಿಸಿದಿರಿ? ಗುಡ್ಡದ ಯಾವ ಬದಿಯಲ್ಲಿ ನೀರಿನ ಸೆಲೆಯಿದೆಯೆಂದು ಗಿಡಮರ ನೋಡಿ ಹೇಳಬಲ್ಲವರು, ಆ ಸುರಂಗವನ್ನು ಅಗೆದವರು ಅವರೇ ಇರಬಹುದು. ಬಸ್ಸು 20 ನಿಮಿಷ ನಿಂತಿತ್ತೆಂದು ನೀವೇ ಬರೆದಿದ್ದೀರಿ. ‘ಅಜ್ಜಾ, ಇದು ಎಷ್ಟು ಕೋಲು ಉಂಟು?’ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು.

ನಾನು ಇಷ್ಟು ಖಾರವಾಗಿ ಬರೆಯುವುದಕ್ಕೆ ಹಳೆಯ ಕಾರಣವೊಂದಿದೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ನಾನು ಕಾಸರಗೋಡಿನ ಪತ್ರಿಕೆಯೊಂದಕ್ಕೆ ಕರಡು ತಿದ್ದುವ ಹುಡುಗನಾಗಿ ಸೇರಿದೆ. ಒಂದು ಬೇಸಗೆಯಲ್ಲಿ ನೀರಿನ ಬರದ ಬಗ್ಗೆ ಬರೆಯುವ ಅವಕಾಶ ಸಿಕ್ಕಿದಾಗ ‘ಪಾತಾಳ ಮುಟ್ಟಿದ ಬಾವಿಗಳು’ ಎಂದು ಶುರುಮಾಡಿದೆ. ನಮ್ಮ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಎಷ್ಟು ಕೋಲು? ಅಳೆದವರು ಯಾರು?’ ಎಂದು ಬರೆದು ಹಾಳೆಯನ್ನು ಮರಳಿಸಿದರು. ಮರುದಿನ ಮೊದಲ ಬಸ್ಸಿಗೆ ಹೋಗಿ, ದೂರದಿಂದ ನೋಡಿ ಬಂದಿದ್ದ ಬಾವಿಯ ಕಟ್ಟೆಯ ಬಳಿ ನಿಂತೆ. ಮನೆಯ ಅಕ್ಕ ಕೊಡಪಾನ ಮೇಲೆತ್ತಿ, ಅಳೆಯಲೆಂದು ಹಗ್ಗವನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿದರು. ಕಪ್ಪಾಗಿದ್ದ ಹಳೆಯ ಹಗ್ಗದ ತುದಿಗೆ ಹೊಸ ನಾರುಹಗ್ಗದ ತುಂಡೊಂದನ್ನು ಗಂಟು ಹಾಕಿತ್ತು. ‘ಹೋದ ತಿಂಗಳು ಹಳೆಯದೇ ಸಾಕಿತ್ತು, ಈಗ ಇಷ್ಟು ಸೇರಿಸಬೇಕಾಯಿತು’ ಎಂದರು. ಒಟ್ಟು 22 ಕೋಲು, ಅದರಲ್ಲಿ ಹೊಸತು 3 ಕೋಲು. ಪಾತಾಳವನ್ನು ಹೊಡೆದುಹಾಕಿ ಆ ಹೊಸ ಹಗ್ಗದ ತುಂಡನ್ನು ಬರೆದೆ. ನನ್ನ ಹೆಸರಿನಲ್ಲಿ ಮೊದಲು ಅಚ್ಚಾದದ್ದು ಅದೇ.

ಇನ್ನೊಂದು ವಿಷಯ, ಊರಿನ ಹೆಸರುಗಳು. ನಿಮ್ಮ ಬಸ್ಸು ‘ಮಂಜೇಶ್ವರಂ’, ‘ಕುಂಬ್ಲ’, ‘ಕಾಸರಗೋಡ್’ ದಾಟಿ ‘ಹೊಸ್ದುರ್ಗ್’ ತಾಲೂಕಿನ ಬೇಕಲಕ್ಕೆ ಹೋಗಿದೆ. ಇವು ಫಲಕದಿಂದಲೋ ಫೋನಿನ ನಕ್ಷೆಯಿಂದಲೋ ಇಳಿದು ಬಂದ ರೂಪಗಳು. ಮಲಯಾಳದಲ್ಲಿ ಬರೆಯುವವರು ತಮ್ಮ ನುಡಿಗೆ ಒಪ್ಪುವಂತೆ ಬರೆದರೆ ತಕರಾರಿಲ್ಲ. ಕನ್ನಡದಲ್ಲಿ ಮಾತ್ರ ಗೋವಿಂದ ಪೈಗಳ ಹೆಸರಿನ ಮೊದಲಿರುವ ‘ಎಂ.’ ಅಕ್ಷರ ಮಂಜೇಶ್ವರವೇ ಆಗಿರಬೇಕು, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆಯೇ ಆಗಿರಬೇಕು. ಕೆಳದಿಯ ನಾಯಕರು ಕಟ್ಟಿದ ಹೊಸ ಕೋಟೆಯಿಂದ ಹೊಸದುರ್ಗವೆಂಬ ಹೆಸರು ಬಂತು. ‘ಹೊಸ್ದುರ್ಗ್’ ಎಂದ ಕೂಡಲೇ ಅದರೊಳಗಿನ ‘ಹೊಸ’ ಎಂಬ ಪದವೇ ಸತ್ತುಹೋಗುತ್ತದೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಕಡತಗಳಲ್ಲಿ ಹೆಸರುಗಳ ರೂಪ ಬದಲಾಯಿತು. ನಾಲಿಗೆಯಲ್ಲಿ ಉಳಿದಿರುವುದನ್ನು ಕನ್ನಡದ ಲೇಖನಿಯೇ ಅಳಿಸುವುದನ್ನು ನನ್ನಿಂದ ಸಹಿಸಲಾಗದು. ಎಲ್ಲವನ್ನೂ ತಿದ್ದಿದ್ದೇನೆ, ನೋಡಿಕೊಳ್ಳಿ.

ಬೇಕಲದ ಸೂರ್ಯಾಸ್ತ ಇದ್ದ ಹಾಗೆಯೇ ಇರಲಿ. ನಾಲ್ಕನೆಯ ಪುಟವನ್ನಷ್ಟೇ ಹೊಸದಾಗಿ ಬರೆಯಬೇಕು. ಕುಂಬಳೆಯಿಂದ ಬದಿಯಡ್ಕಕ್ಕೆ ಸರ್ವಿಸ್ ಬಸ್ಸಿನಲ್ಲಿ ಹೋಗಿ, ಸಾಧ್ಯವಾದರೆ ನಿಮ್ಮ ತಾಯಿಯನ್ನೂ ಕರೆದುಕೊಂಡು ಹೋಗಿ, ಆ ಅಜ್ಜನನ್ನು ಕಂಡು ಬನ್ನಿ. ಮಾರ್ಚ್ ಸಂಚಿಕೆಯಲ್ಲಿ ನಿಮಗಾಗಿ ಮೂರು ಪುಟ ತೆಗೆದಿಟ್ಟಿದ್ದೇನೆ.

ಇತಿ,
ಸಂಪಾದಕ